ಇಳಿಯುವಾಗ

ಮಾರ್ಚಿನ ಮೂರನೇ ವಾರ, ವರ್ದೊ ಬಂದರು.
ಉಣ್ಣೆಯ ಟೋಪಿಯಲ್ಲಿ ಸುತ್ತಿ ತಂದ ಓಡ್‌ಮುಂಡ್
ರೆಕ್ಕೆ ಮುರಿದ ಕಡಲಹಕ್ಕಿಯನ್ನು ತರುವ ಹಾಗೆ
ತನ್ನ ದೋಣಿಯ ಮೀನು ಹುಡುಕುವ ಪೆಟ್ಟಿಗೆ.
"ಟೂರಿಲ್, ಇದು ದುಡಿಯುವಾಗ ಗಟ್ಟಿಮುಟ್ಟು.
ಬಲೆ ಎಳೆದಾಯ್ತು, ಕಾಫಿ ಬಗ್ಗಿಸ್ಕೊಳ್ಳೋಣ ಅನ್ನೋವಾಗ
ಸತ್ತೇಹೋಗುತ್ತೆ."

ನನ್ನ ಕೋಣೆಯಲ್ಲಿ ಸಾಯಲಿಲ್ಲ.
ಹೀಟರಿನ ಪಕ್ಕ ಎರಡು ಹಗಲು ಎರಡು ರಾತ್ರಿ
ಹದಿನೆಂಟು ನೂರು ಮೆಗಾಹರ್ಟ್ಸ್, ಆರುನೂರು,
ಮತ್ತೆ ಹದಿನೆಂಟು ನೂರು,
ಏರಿಸಿದೆ, ಇಳಿಸಿದೆ, ಏರಿಸಿದೆ.
ಡಾಕ್ಟರ ಮುಂದೆ ಕೂತೊಡನೆ ಜ್ವರ ಬಿಟ್ಟ ಮಗು.
ಓಡ್‌ಮುಂಡ್ ಬಾಗಿಲಲ್ಲೇ ನಿಂತು ನೋಡಿದ,
ಒಳಗೆ ಬರಲಿಲ್ಲ. "ಇಲ್ಲಿ ಸೆಖೆ," ಅಂದ.

ಅವನು ಅಂದದ್ದು ನನಗೆ ಆಗ ಕೇಳಿಸಲೇ ಇಲ್ಲ.

ಬಂದರಿನ ಗೋದಾಮಿನಲ್ಲಿ ಗಾಳದ ಬಂಗುಡೆ ತುಂಬಿದ ಫ್ರೀಜರ್.
ನಾಲ್ಕು ದಿನ ಕಳೆದ ಮೇಲೆ, ಬೇರೇನೂ ತೋಚದೆ,
ಮೀನುಗಳನ್ನು ಬದಿಗೆ ಸರಿಸಿ ಅದನ್ನು ಮಲಗಿಸಿದೆ,
ಮುಚ್ಚಳದ ಸಂದಿಯಿಂದ ತಂತಿ ಹೊರಗೆ, ಮೊಣಕಾಲ ಮೇಲೆ ಲ್ಯಾಪ್‌ಟಾಪ್.
ಒಂಬತ್ತನೇ ಇಳಿತಕ್ಕೆ ಸತ್ತಿತು.
ಲಾಗಿನ ಕೊನೆಯ ಸಾಲು: ವೇಗ ಬದಲಾ
ಅಷ್ಟೇ. ಪದ ಪೂರ್ತಿಯಾಗಲಿಲ್ಲ.
ಇನ್ನೊಂದು ಸಲ ಸಾಯುವ ಮುಂಚೆ ಒಂದು ಸಂಖ್ಯೆ ಉಗುಳಿತು,
ಮೈನಸ್ ನೂರಹತ್ತು.
ಕರ್ನಲ್‌ನ ಮಾತಿನಲ್ಲಿ ಅದರ ಅರ್ಥ:
ಕಾದೆ, ಕಾದೆ, ಯಾರೂ ಬರಲಿಲ್ಲ.

ಏನಾಗುತ್ತಿದೆ ಹೇಳು ಅಂತ
ಡ್ರೈವರಿನ ಹೆಜ್ಜೆಹೆಜ್ಜೆಗೂ ಒಂದೊಂದು ಪ್ರಿಂಟ್ ಸಾಲು ಹಾಕಿದೆ.
ಹಾಕಿದ್ದೇ ತಡ, ಸಾಯುವುದನ್ನೇ ಬಿಟ್ಟಿತು.
ಹೇಳುತ್ತಿರುವಷ್ಟು ಹೊತ್ತು ಅದಕ್ಕೆ ಬಿಡುವಿಲ್ಲ,
ಬಿಡುವಿಲ್ಲದಿದ್ದರೆ ಇಳಿಯುವುದಿಲ್ಲ,
ಇಳಿಯದಿದ್ದರೆ ಯಾಕೆ ಸಾಯುತ್ತದೆ?
ಅಳಿಸಿದೆ ಎಲ್ಲ ಪ್ರಶ್ನೆಗಳನ್ನೂ.
ಶಾಲೆಯ ಲ್ಯಾಬಿನಿಂದ ಆಸಿಲೋಸ್ಕೋಪ್ ಎರವಲು ತಂದು
ಸುಮ್ಮನೆ ನೋಡುತ್ತಾ ಕೂತೆ.

ಹಳದಿ ಗೆರೆ ವೋಲ್ಟೇಜು. ನೀಲಿ ಗೆರೆ ವೇಗ.
ಹತ್ತುವಾಗ ಹಳದಿ ಮುಂದೆ, ನೀಲಿ ಹಿಂದೆ:
ಉಣ್ಣಿಸಿ, ಆಮೇಲೆ ಓಡಿಸು. ಸರಿ.
ಇಳಿಯುವಾಗಲೂ ಹಳದಿಯೇ ಮುಂದೆ.
ಇನ್ನೂ ಓಡುತ್ತಿರುವಾಗಲೇ ತಟ್ಟೆ ಎಳೆದುಕೊಳ್ಳುತ್ತಿದ್ದೆವು.
ನಲವತ್ತು ಮೈಕ್ರೋಸೆಕೆಂಡು ಹಸಿವು,
ಕಣ್ಣು ಮಿಟುಕಿಸುವುದರೊಳಗೆ ಅಂಥವು ಎರಡು ಸಾವಿರ ಹಿಡಿಸುತ್ತವೆ.
ಬೆಚ್ಚಗಿದ್ದರೆ ತಡೆದುಕೊಳ್ಳುತ್ತದೆ.
ವೋಲ್ಟೇಜು ಕಮ್ಮಿಯಾದಾಗ ಈ ಚಿಪ್ಪಿಗೆ
ಚಳಿಯಲ್ಲಿ ಕಾಲೇ ಏಳುವುದಿಲ್ಲ.

ಆ ಸಾಲುಗಳ ಪಕ್ಕದಲ್ಲಿ ಬರೆದವನ ಹೆಸರಿತ್ತು,
ಯೆನ್ಸ್-ಒಲಾವ್, ಟ್ರೋಮ್ಸೊದವನು. ಆರು ವರ್ಷದ ಹಿಂದೆ.
ಫೋನು ಮಾಡಿದೆ. ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು.
ತುಂಬ ಹೊತ್ತು ಸುಮ್ಮನಿದ್ದು ಅಂದ:
"ಪರೀಕ್ಷೆ ಮಾಡಿದ್ದೆ. ಸಾವಿರ ಸಲ ಮಾಡಿದ್ದೆ.
ಆಗ ಜುಲೈ. ಕಿಟಕಿ ತೆಗೆದಿತ್ತು."

ಓಡ್‌ಮುಂಡ್ ಮತ್ತೆ ಅದೇ ಟೋಪಿ ತಂದ.
"ಎಷ್ಟು ಸಾಲು ಬರೆದೆ?"
ಒಂದೂ ಇಲ್ಲ. ಮೇಲಿನದನ್ನು ಕೆಳಗಿಟ್ಟೆ.
ಅವನು ನಕ್ಕನೋ ಇಲ್ಲವೋ, ಗಡ್ಡದೊಳಗೆ ತಿಳಿಯಲಿಲ್ಲ.
"ಹತ್ತೊಂಬತ್ತು ದಿನ," ಅಂದ. ಲೆಕ್ಕ ಇಟ್ಟಿದ್ದಾನೆ.
ಮೊನ್ನೆ ಬಲೆ ಎಳೆದ ಮೇಲೆ ಎರಡು ಲೋಟ ಕಾಫಿ ಕುಡಿದನಂತೆ,
ಎರಡನೆಯದು ಪೆಟ್ಟಿಗೆಯ ಮೇಲೆ ಕಣ್ಣಿಟ್ಟುಕೊಂಡೇ.

ಫ್ರೀಜರ್ ವಾಪಸು ಕೊಡಬೇಕು.
ತಂತಿಯ ಒಂದು ತುದಿ ಬಂಗುಡೆಗಳ ನಡುವೆ
ಮಂಜುಗಡ್ಡೆ ಕಟ್ಟಿ ಕೂತಿದೆ,
ಎಳೆದರೆ ಬರುವುದಿಲ್ಲ.