ಅರಗು

ಅರಗು ಕರಗಿಸುವುದೂ ನನ್ನ ಕೆಲಸವಾಗಿತ್ತು,
ಉಡುಪಿಯ ಉಪವಿಭಾಗದ ಕಚೇರಿಯಲ್ಲಿ.
ಮೇಣದ ಬತ್ತಿಯ ಕುಡಿಗೆ ಕೋಲು ಹಿಡಿದು
ಟೆಂಡರ್ ಪೆಟ್ಟಿಗೆಯ ಬೀಗಕ್ಕೆ ಒಂದು ಕೆಂಪು ತೊಟ್ಟು.
ಎಡಗೈ ಹೆಬ್ಬೆರಳಲ್ಲಿ ಕಲೆ ಇನ್ನೂ ಇದೆ.

ನಾಲ್ಕಕ್ಕೆ ಮುಚ್ಚಬೇಕು.
ಮೂರರಿಂದಲೇ ಮೆಟ್ಟಿಲ ಮೇಲೆ ಜನ,
ಬಿಳಿ ಪಂಚೆ, ಬೀಡಾ, ನಗು.
ಯಾರಿಗೆ ಯಾವ ಕೆಲಸ, ಎಷ್ಟಕ್ಕೆ
ಎಲ್ಲ ಗೋಳಿಬಜೆ ತಿನ್ನುವಾಗಲೇ ತೀರ್ಮಾನ.
ಅದು ಗೊತ್ತಿಲ್ಲದೆ ಬಂದವನು ಮೋನಬ್ಬ,
ಕಡಲ ತಡೆಗೋಡೆಯ ಕಲ್ಲಿಗೆ ದರ ಬರೆದ ಲಕೋಟೆ
ಅಂಗಿಯೊಳಗಿಟ್ಟು.

ಅಂಗಿ ಹರಿಯಿತು. ಲಕೋಟೆ ಗೇಟಿನಾಚೆ ಬಿತ್ತು.
ನಾನು ನೋಡಿದೆ.
ಗಡಿಯಾರವನ್ನೂ ನೋಡಿದೆ.
ಅರಗು ಹಾಕಿದೆ.

ಈಗ ಎಲ್ಲ ಕಂಪ್ಯೂಟರಿನಲ್ಲಿ.
ಯಾರು ಹಾಕಿದರೋ, ಎಷ್ಟಕ್ಕೋ,
ತೆರೆಯುವ ತನಕ ಸಾಹೇಬರಿಗೂ ತಿಳಿಯದಂತೆ.
ಹಾಗೆನ್ನುತ್ತಾರೆ.
ಮೆಟ್ಟಿಲ ಮೇಲೆ ಒಂದು ನಾಯಿ.
ಪೆಟ್ಟಿಗೆಯಲ್ಲಿ ನನ್ನ ಕೊಡೆ, ಬುತ್ತಿ.

ಮೊನ್ನೆ ಮೋನಬ್ಬ ಬಂದ, ಸರಿಯಾಗಿ ನಾಲ್ಕಕ್ಕೆ.
ಮಗಳು ಝೋಹರಾ ರಾತ್ರಿ ಎರಡಕ್ಕೆ ಹಾಕಿದಳಂತೆ,
ಸರ್ವರ್ ಮೂರು ಸಲ ಬಿದ್ದೆದ್ದ ಮೇಲೆ.
ಸ್ವೀಕೃತಿಯ ಪ್ರಿಂಟು ಪ್ಲಾಸ್ಟಿಕ್ ತೊಟ್ಟೆಯಲ್ಲಿ.
"ಇದಕ್ಕೊಂದು ಸೀಲು ಹಾಕು ಮಾರಾಯ ದೂಮಪ್ಪ."

ಅಗತ್ಯ ಇಲ್ಲ ಅಂದೆ.
ಗೊತ್ತುಂಟು, ಹಾಕು ಅಂದ.

ಡ್ರಾಯರಿನ ಮೂಲೆಯಲ್ಲಿ ಬೆರಳುದ್ದ ಉಳಿದಿತ್ತು.
ಬೆಂಕಿಕಡ್ಡಿ ಗೀರುವಾಗ
ಅವನು ಗೇಟಿನ ಕಡೆ ತಿರುಗಿ ನೋಡಿದ,
ನಾನೂ.