ಅರ್ಧ ಶಟರ್

ಜೆಪ್ಪುವಿನ ಮೀನು ಮಾರ್ಕೆಟ್ಟು ದಾಟಿದ ತಿರುವಿನಲ್ಲಿ
ಗ್ರೇಶಿಯನ್ ಕುಟಿನ್ಹನ ರೇಡಿಯೋ ರಿಪೇರಿ ಅಂಗಡಿ.
ಗುರುವಾರ ಎಂಟು ಗಂಟೆಗೆ ಶಟರ್ ಅರ್ಧ ಇಳಿಯುತ್ತಿತ್ತು.
ಆಮೇಲೆ ಬಗ್ಗಿ ಒಳಗೆ ಬರುವವರು ಗಿರಾಕಿಗಳಲ್ಲ.

ಬಂದರಿನ ಉಮರಬ್ಬ, ಒಣಮೀನಿನ ಲೆಕ್ಕ ಮುಗಿಸಿ.
ಬೋಳಾರದ ತಾರಾನಾಥ ಕರ್ಕೇರ,
ದೋಣಿಯ ಇಂಜಿನು ಬಿಚ್ಚಿದ ಕೈಯಲ್ಲೇ.
ಮತ್ತೆ ನಾನು, ಹದಿನಾಲ್ಕು ವರ್ಷ,
ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಟೇಪಿನ ಹೆಡ್ ಒರೆಸುವವ,
ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ.

ಅವರಲ್ಲಿ ಯಾರೂ ಯಾವ ರಾಕ್ ಗಾಯಕನನ್ನೂ ಕಂಡವರಲ್ಲ.
ಇದ್ದದ್ದು ಕುವೈತಿಂದ ಬಂದ ಕ್ಯಾಸೆಟ್ಟಿನ ನಕಲಿನ ನಕಲು;
ನಕಲು ಮಾಡಿದವನ ಮನೆಯ ಫ್ಯಾನೂ
ಗರಗರ ಎಂದು ಅದರೊಳಗೆ ಸೇರಿಕೊಂಡಿತ್ತು.
ತುಂಬ ವರ್ಷ ನಾನದನ್ನು ವಾದ್ಯವೆಂದೇ ಎಣಿಸಿದ್ದೆ.

ಕತೆಗಳು ಮಾತ್ರ ನೀರಿನ ದಾರಿಯಲ್ಲಿ ಬಂದವು,
ಹಡಗಿನ ಕುಸಿನಿಯಿಂದ ಕುಸಿನಿಗೆ, ಉಪ್ಪು ಹಿಡಿದು.
"ಆ ಡ್ರಮ್ಮಿನವ ಉಂಟಲ್ಲ,
ಹೋಟೆಲಿನ ಟೀವಿಯನ್ನು ಕಿಟಕಿಯಿಂದ ಬಿಸಾಡಿದನಂತೆ."
"ಎಂತ ಟೀವಿ? ವಾಲ್ವಿನದ್ದಾ?
ಪಿಕ್ಚರ್ ಟ್ಯೂಬು ಉಳಿಯಿತಾ?"
ಕುಟಿನ್ಹನಿಗೆ ಬೇಕಾದದ್ದು ಅಷ್ಟೆ.
ಮೂರನೇ ಮಾಳಿಗೆ ಎಂದು ಉಮರಬ್ಬ,
ಐದು ಎಂದು ಕರ್ಕೇರ;
ವಾರದಿಂದ ವಾರಕ್ಕೆ ಬೆಳೆದ ಆ ಹೋಟೆಲು
ಕೊನೆಗೆ ಹಂಪನಕಟ್ಟೆಯ ಎಲ್ಲ ಕಟ್ಟಡಗಳನ್ನೂ ಮೀರಿಸಿತು.

ನಮ್ಮೂರಿನವರದೂ ಇತ್ತು.
ರೋಸಿನ ಮನೆಗಳಲ್ಲಿ ಬಾರಿಸುತ್ತಿದ್ದ ಬ್ಲ್ಯಾಕ್ ಆಂಕರ್ಸ್:
ಮದುಮಗಳಿಗೆ ತೆಂಗಿನ ಹಾಲು ಹಚ್ಚುವವರೆಗೆ ಕೊಂಕಣಿ,
ಹಿರಿಯರು ಊಟಕ್ಕೆ ಕೂತ ಮೇಲೆ ರಾಕ್.
ಕುಲಶೇಖರದಲ್ಲಿ ಒಮ್ಮೆ ಕರೆಂಟು ಹೋಗಿ
ಗಿಟಾರುಗಳೆಲ್ಲ ಮೂಕಾದಾಗ
ಡ್ರಮ್ಮಿನ ಹುಡುಗ ಒಬ್ಬನೇ ನಲವತ್ತು ನಿಮಿಷ ಬಾರಿಸಿದನಂತೆ.
ಕರೆಂಟು ಬಂದದ್ದು ಯಾರಿಗೂ ಗೊತ್ತಾಗಲಿಲ್ಲವಂತೆ.
"ನಲವತ್ತಲ್ಲ ಮಾರಾಯ, ಎರಡು ಗಂಟೆ."
"ನೀನಲ್ಲಿ ಇದ್ದೆಯಾ?"
"ಇಲ್ಲ. ನೀನು?"

ಎಲ್ಲಕ್ಕಿಂತ ದೊಡ್ಡದು ಬೆರಳಿನ ಕತೆ.
ಇಂಗ್ಲೆಂಡಿನಲ್ಲೊಬ್ಬ ಹುಡುಗ, ತಗಡಿನ ಕಾರ್ಖಾನೆ,
ಕೆಲಸದ ಕಡೇ ದಿನ ಯಂತ್ರ
ಎರಡು ಬೆರಳಿನ ತುದಿ ಕಚ್ಚಿಕೊಂಡಿತು.
ಪ್ಲಾಸ್ಟಿಕ್ ಬಾಟಲಿ ಕರಗಿಸಿ ತುದಿ ಮಾಡಿದ,
ತಂತಿ ಸಡಿಲಿಸಿದ,
ಅದಕ್ಕೇ ನೋಡು ಆ ಗಿಟಾರಿಗೆ ಅಷ್ಟು ಭಾರ,
ಎಂದು ಕರ್ಕೇರ ಹೇಳುತ್ತಿರುವಾಗ
ಕಾಫಿಯ ಕೆಟಲು ಹಿಡಿದು ಬಗ್ಗಿ ಬಂದರು ಸೆವೆರಿನ್ ಬಾಯಿ,
ಕುಟಿನ್ಹನ ಅಕ್ಕ,
ಹಂಚಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ.

"ಅವನಿಗೆ ದುಡ್ಡು ಕೊಟ್ಟರಾ?"

ಯಾರೂ ಮಾತಾಡಲಿಲ್ಲ.

"ಯಂತ್ರಕ್ಕೆ ಅಡ್ಡ ಕಂಬಿ ಇರಲಿಲ್ಲವಾ?
ಮರುದಿನ ಅದರೆದುರು ಯಾರನ್ನು ನಿಲ್ಲಿಸಿದರು?"

ತಂತಿಯ ದಪ್ಪ ಗೊತ್ತಿತ್ತು ಅವರಿಗೆ,
ಯಾವ ಹಾಡಿಗೆ ಯಾವ ಗಿಟಾರು,
ಯಾರು ಯಾರ ಹೆಂಡತಿಯನ್ನು ಮದುವೆಯಾದ, ಎಲ್ಲ.
ಇದು ಗೊತ್ತಿರಲಿಲ್ಲ.

"ನಮ್ಮ ಕಾರ್ಮಿನಳ ಕೈ ಹೋದ ಮರುದಿನ
ನನ್ನನ್ನು ನಿಲ್ಲಿಸಿದ್ದರು.
ತೊಳೆದಿದ್ದರು. ಸರಿಯಾಗಿ ತೊಳೆದಿರಲಿಲ್ಲ."
ಕಪ್ಪುಗಳನ್ನಿಟ್ಟು ಹೋದರು.

ಮುಂದಿನ ಗುರುವಾರ ಉಮರಬ್ಬ ಉತ್ತರ ತಂದ.
"ಬಾಯಿ, ವಿಚಾರಿಸಿದೆ. ದುಡ್ಡು ಕೊಟ್ಟರಂತೆ, ಒಳ್ಳೆ ಮೊತ್ತವೇ.
ಕಂಬಿಯೂ ಹಾಕಿಸಿದರಂತೆ.
ಮತ್ತೆ ಅಲ್ಲಿ ನಿಂತವ..." ಮಾಡು ನೋಡಿದ,
"ಹೆಸರು ಹಡಗಿನವನಿಗೆ ಮರೆತುಹೋಗಿದೆ.
ಹತ್ತೂ ಬೆರಳು ಇಟ್ಟುಕೊಂಡೇ ರಿಟೈರಾದನಂತೆ."

ಆಗ ಜುಲೈ. ಹಳೇ ಬಂದರಿಗೆ
ಒಂದು ಮಂಜಿಯೂ ಬಾರದ ತಿಂಗಳು.
ಕರ್ಕೇರನಿಗೆ ಗೊತ್ತು, ಕುಟಿನ್ಹನಿಗೆ ಗೊತ್ತು, ನನಗೂ.
ಮೂರೋ ಐದೋ ಎಂದು ಅಂಗಿ ಹಿಡಿಯುವವರು
ಅಂದು ಯಾರೂ ತಿದ್ದಲಿಲ್ಲ.

ಬಾಯಿ ಸ್ವಲ್ಪ ಹೊತ್ತು ಕೆಟಲು ಹಿಡಿದೇ ನಿಂತರು.
"ಹಾಗಾದರೆ ಅಡ್ಡಿಯಿಲ್ಲ."
ಸ್ಟೂಲೆಳೆದು, ಮೊದಲ ಸಲ, ಕೂತರು.
"ಹಾಕು ನೋಡುವಾ, ಆ ಹುಡುಗನದ್ದು."

ಕುಟಿನ್ಹ ಗುಂಡಿ ಒತ್ತಿದ.
ಮೊದಲು ಫ್ಯಾನು ತಿರುಗಿತು,
ಆಮೇಲೆ ಗಿಟಾರು.