ಅರಿವಿ

ಬೈನಾದಾಗ ಬಿಳಿ ಅಂಗಿ ಇಸ್ತ್ರಿ ಮಾಡೂದಂದ್ರ
ಒಲಿ ಮ್ಯಾಲಿನ ಹಾಲು ಕಾದ್ಹಂಗ.
ಒಂದು ಗಳಿಗಿ ಅತ್ತಾಗ ನೋಡಿದೆವೋ
ಕಾಲರಿನ ಮ್ಯಾಲ ಕರೀ ಗೀಟು.
ಗಿರಾಕಿ ಕೇಳ್ತಾರ: ನೀಲವ್ವಾ, ಕೈ ತೊಳದಿಯೇನು?
ತೊಳದೀನ್ರಿ, ಮೂರು ಸಲ.
ಗಾಡಿ ಒರಸೀನಿ, ಹಾಸಿದ ಕಂಬಳಿ ಝಾಡಿಸೀನಿ,
ಗಾಳಿ ಒಂದನ್ನ ಬಿಟ್ಟು ಎಲ್ಲಾ ತೊಳದೀನಿ.

ಬಂದರಕ್ಕ ಹಡಗ ಬಂದದ್ದು
ಗೊತ್ತಾಗೂದು ಕಿವಿಗಲ್ಲ, ನಾಲಿಗಿಗೆ.
ಮುಂಜಾನಿ ಉಗುಳಿದ್ರ ಕರ್ರಗ.
ಮಗ್ಗಲ ಮನಿ ಪ್ರೇಮಾವತಿ ಬಾಯಿ
ತುಳಸಿ ಎಲಿ ಒಂದೊಂದ ಒರಸಿ ದೇವರಿಗೇರಿಸ್ತಾರ.
ದಂಡ್ಯಾಗ ಒಣಹಾಕಿದ ಬಂಗಡಿ ಮೀನಕ್ಕ
ಉಪ್ಪಿನ ಜೋಡಿ ಇದೂ ಒಂದು ಮಸಾಲಿ.

ಆವೆಲಿನಾ ಟೀಚರು ಒಂದಿನ ಗಾಡಿ ಮುಂದ ನಿಂತು
ಕೊಂಕಣಿ ಒಂದೀಟು, ಹಿಂದಿ ಒಂದೀಟು ಕಲಸಿ ಹೇಳಿದ್ರು:
ದೂರು ಕೊಟ್ರ ಪುರಾವೆ ಕೇಳ್ತಾರ.
ಪುರಾವೆ?
ಅದನ್ನ ದಿನಾ ಒರಸಿ ಒಗೀತೀನಲ್ರೀ ಬಾಯೀ!

ಅವತ್ತಿಂದ ಹಳೇ ಧೋತರ ಹರದು, ಅಂಗೈಯಗಲ ತುಂಡು,
ಕಿಟಕಿ ಕಟ್ಟಿ ಮ್ಯಾಲ ಒಂದ ಸಲ ಎಳದು,
ತಾರೀಖು ಬರದು, ಟಾಚಣಿ ಚುಚ್ಚಿ
ಮೊಳಿಗೆ ಹಾಕಿಟ್ಟೆ.
ಅಕ್ಷರ ಬರೂದಿಲ್ಲ ನನಗ, ಅಂಕಿ ಬರ್ತಾವ.
ಎಷ್ಟು ಅಂಗಿ, ಎಷ್ಟು ಉಧಾರಿ,
ಇಪ್ಪತ್ತು ವರ್ಷದ ಲೆಕ್ಕ ಇಟ್ಟ ಕೈ ಇದು.
ನನ್ನ ನೋಡಿ ಬೇಕರಿ ಹಿಂದಿನ ಓಣಿ,
ಓಣಿ ನೋಡಿ ಖಾರ್ವಿ ಮಂದಿ:
ಹದಿನೇಳು ಕಿಟಕಿ.
ಹಡಗ ಬಂದ ದಿನ ಕಾಡಿಗಿ, ಬರದ ದಿನ ಬೂದಿ ಬಣ್ಣ.
ಮಳಿ ಹಿಡದ ಆಷಾಢದಾಗಷ್ಟ
ಅರಿವಿ ಅರಿವಿಯಂಗ ಇತ್ತು.

ಯಮನಪ್ಪ ನೋಡಿದ, ಮಾತಾಡಲಿಲ್ಲ.
ಅವನ ಪಗಾರ ಇಳಿಯೂದು ಅದ ಹಡಗಿಂದ.
ಸಲಿಕಿ ಹಿಡದ ಕೈಲೆ ರೊಟ್ಟಿ ಮುರದ,
ಒಂದ ತುತ್ತಿಗೆ ಎರಡು ಸಲ ಕೆಮ್ಮಿದ.
ನಾಳೆ ಗೇಟಿನಾಗ ನನ್ನ ಹೆಸರು ಹೊಡದ್ರ? ಅಂದ.
ನಾ ಅವನ ಬನಿಯನ್ ನೆನಿಹಾಕಿದೆ.
ಬಕೀಟಿನ ನೀರು ನೋಡಿ
ಅವನ ಎದ್ದು ಹೋದ.

ಸುನಾವಣಿ ದಿನ. ಪೆಂಡಾಲು, ಫ್ಯಾನು, ಬಾಟ್ಲಿ ನೀರು.
ಸಾಹೇಬರ ಹಾಳಿಯೊಳಗ ಧೂಳಿಗೊಂದು ಮಿತಿ ಐತಂತ,
ನಮ್ಮ ಗಾಳಿ ಆ ಮಿತಿ ದಾಟಿಲ್ಲಂತ.
ಹಿಂದಿಂದ ಯಾರೋ: ಘಾಂಟಿ ಮಂದಿಗೆ ಇಲ್ಲೇನು ಕೆಲಸ?
ಟೀಚರು ತಿರುಗಿ ನೋಡಿದ್ರು,
ಹಿಂದಿನ ಬೆಂಚಿನ ಹುಡುಗನ್ನ ನೋಡಿದ್ಹಂಗ.
ಹಿಂದಿ ಬರ್ತಿದ್ರೂ ಮೈಕಿನಾಗ ನಾ
ರೋಣದ ಕನ್ನಡನ ಮಾತಾಡಿದೆ.
ಮುನ್ನೂರ ಹನ್ನೊಂದು ತುಂಡು ಹಗ್ಗಕ್ಕ ಪೋಣಿಸಿ
ಈ ತುದಿ ನಾ, ಆ ತುದಿ ಅವರು ಹಿಡಕೊಂಡು ನಡದ್ರ
ಪೆಂಡಾಲ ಸಾಲಲಿಲ್ಲ.

ಕಂಪನಿ ವಕೀಲ ನಕ್ಕೋತ ಕೇಳಿದ:
ಅಮ್ಮಾ, ನಿನ್ನ ಇಸ್ತ್ರಿ ಪೆಟ್ಟಿಗ್ಯಾಗೂ ಇದ್ದಲಿನ ಐತಲ್ಲ?
ಐತ್ರಿ.
ಇದ್ದಲಿಲೆ ಉಂಡಾಕಿ, ಇದ್ದಲಿಲೆ ಸುಟ್ಟುಕೊಂಡಾಕಿ ನಾನು.
ನೋಡ್ರಿ ಈ ಮಣಿಕಟ್ಟು.
ಖರೆ ನನ್ನ ಬೂದಿ ನನ್ನ ಪೆಟ್ಟಿಗ್ಯಾಗ ಇರ್ತೈತಿ,
ಅದರಲೆ ನಾ ಭಾಂಡಿ ತಿಕ್ತೀನಿ.
ನಿಮ್ಮ ಬೂದಿಲೆ
ನೀವೇನು ತಿಕ್ತೀರಿ?
ತರ್ಜುಮಿ ಮಾಡೋ ಹುಡುಗ ಅರ್ಧಕ್ಕ ನಿಂತ,
ನೀರು ಕುಡದು ಮತ್ತ ಸುರು ಮಾಡಿದ.

ಬರಕೊಂಡಾರ. ಮುಂದಿನ ತಾರೀಖು ಕೊಟ್ಟಾರ.
ಆಮ್ಯಾಲೂ ಎರಡು ಹಡಗ ಬಂದು ಹೋದ್ವು.

ನಿನ್ನೆ ನನಗ ಜ್ವರ, ಹಾಸಿಗಿ ಬಿಟ್ಟು ಏಳಲಿಲ್ಲ.
ಸಂಜೀಕ ನೋಡಿದ್ರ ಮೊಳಿಗೆ ಹೊಸಾದೊಂದು ತುಂಡು.
ತಾರೀಖು ಸೊಟ್ಟ, ಟಾಚಣಿ ಉಲ್ಟಾ.
ಕಿಟಕಿ ಒರಸಿದ್ದಲ್ಲ.
ಯಮನಪ್ಪನ ಕರ್ಚೀಪು,
ಬಾಯಿಗೆ ಹಿಡಿಯೂದು.